ಗಂಡು ನೋಡಿ ಮೊಟ್ಟೆ ಇಡುವ ಹಕ್ಕಿಗಳು

ಕಾವಿಗೆ ಇಟ್ಟ 12 ಮೊಟ್ಟೆಗಳಲ್ಲಿ 4 ಮಾತ್ರ ಮರಿಯಾದವು ಎನ್ನಿ. ನಿಮ್ಮ ಮನೆಯಲ್ಲಿ ತಪ್ಪು ಯಾರ ತಲೆಗೆ ಬರುತ್ತದೆ? ಗುಡುಗು ಹೊಡೆಯಿತು, ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡಲು ಮರೆತೆವು ಎನ್ನುವವರುಂಟು. ಹೇಂಟೆ ನೆಟ್ಟಗೆ ಕೂರಲಿಲ್ಲ, ಮೇಯಲು ಎದ್ದು ಹೋಗಿ ಮೊಟ್ಟೆ ತಣ್ಣಗಾದವು ಎನ್ನುವವರುಂಟು. ಹೇಗೆ ತಿರುಗಿಸಿದರೂ ಮಾತು ಕೊನೆಗೆ ಹೇಂಟೆಯ ಮೇಲೇ ಬಂದು ನಿಲ್ಲುತ್ತದೆ. ಹುಂಜದ ಹೆಸರನ್ನು ಎತ್ತುವವರು ಕಡಿಮೆ.

ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆಂದು ಊರೆಲ್ಲ ಹುಂಜ ಹುಡುಕುವ ಹೊತ್ತು. ನಮ್ಮ ಹಿತ್ತಿಲಿನ ಕೆಂಪು ಹುಂಜಕ್ಕೆ ಒಳ್ಳೆಯ ಬೆಲೆ ಬಂತು, ಕೊಟ್ಟುಬಿಟ್ಟೆ. ಉಳಿದದ್ದು ಅದೇ ಮಂದೆಯಲ್ಲಿ ಹುಟ್ಟಿದ ಒಂದು ಸಣ್ಣ ಹುಂಜ, ನಮ್ಮ ಯಾಟೆಗಳಿಗೆ ಒಡಹುಟ್ಟು. ಮಾರಿದ ಕೂಡಲೇ ಇಟ್ಟ ಮೊದಲ ಕಾವಿನಲ್ಲಿ ಮರಿಗಳು ಚೆನ್ನಾಗಿಯೇ ಎದ್ದವು. ನಾನು ಮೋಸ ಹೋದದ್ದು ಅದರಿಂದಲೇ. ಮುಂದಿನ ಎರಡು ಕಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊಟ್ಟೆಗಳು ಹಾಳಾದವು. ಹುಂಜ ಸರಿ ಇದೆ, ಮೊದಲ ಕಾವೇ ಸಾಕ್ಷಿ ಎಂದು ತೀರ್ಮಾನಿಸಿ, ಕಾವು ಕೂತ ಹೇಂಟೆಯನ್ನು ಸಂತೆಗೆ ಒಯ್ದೆ. ಹೇಂಟೆ ಮನೆಯಾಕೆಯದು, ಕೋಳಿಯ ದುಡ್ಡು ಅವಳ ಕೈಖರ್ಚಿನದು. ಅದನ್ನು ಕೊಂಡವರ ಮನೆಯಲ್ಲಿ ಅದೇ ಹೇಂಟೆ 11 ಮೊಟ್ಟೆಗೆ 10 ಮರಿ ಎಬ್ಬಿಸಿತೆಂದು ಒಂದೂವರೆ ತಿಂಗಳ ಮೇಲೆ ತಿಳಿಯಿತು. ಆ ಸಂಜೆ ನಮ್ಮ ಮನೆಯಲ್ಲಿ ಏನು ನಡೆಯಿತೆಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಹುಂಜಕ್ಕೂ ಮೊಟ್ಟೆಗೂ ಇರುವ ಸಂಬಂಧ ನಾವು ತಿಳಿದುದಕ್ಕಿಂತ ಆಳವಾದದ್ದು. ಗಂಡು ಕೊಡುವುದು ಬೀಜ ಮಾತ್ರ, ಮಿಕ್ಕದ್ದೆಲ್ಲ ತಾಯಿಯದು ಎಂದು ನಾವು ಹೇಳುತ್ತೇವೆ. ಅದು ನಿಜವೇ. ಆದರೆ ತಾಯಿಯಾದವಳು ತನ್ನ ಕಡೆಯಿಂದ ಎಷ್ಟು ಹಾಕಬೇಕು ಎಂಬುದನ್ನು ಗಂಡಿನ ಗುಣ ನೋಡಿ ನಿರ್ಧರಿಸುತ್ತಾಳೆ ಎಂಬುದು ಕಳೆದ ನಾಲ್ಕು ದಶಕಗಳ ಪ್ರಯೋಗಗಳಿಂದ ಒಂದೊಂದಾಗಿ ಹೊರಬಂದಿರುವ ಸಂಗತಿ.

ಮೊಟ್ಟೆಯ ಖರ್ಚು

ಮೊದಲು ತಾಯಿಯ ಲೆಕ್ಕ ನೋಡೋಣ. ಒಂದು ಕಾಡು ಬಾತುಕೋಳಿಯ ತೂಕ ಸುಮಾರು 1 ಕಿಲೋ. ನಾನು ಹೇಳುವುದು ತಲೆ ಹಸಿರಾಗಿ ಹೊಳೆಯುವ ಗಂಡುಗಳ ಮಲ್ಲಾರ್ಡ್ ಜಾತಿಯನ್ನು. ಕೆಂಪು ಗಂಟುಮೋರೆಯ ಮಸ್ಕೊವಿ ಬಾತನ್ನು ಬಿಟ್ಟರೆ ನಾವು ಸಾಕುವ ಬಾತುಗಳೆಲ್ಲ ಇದರ ಸಂತತಿಯೇ. ಅದರ ಒಂದು ಮೊಟ್ಟೆ ಸುಮಾರು 50 ಗ್ರಾಂ. ಒಂದು ಸಲಕ್ಕೆ 10 ಮೊಟ್ಟೆ ಇಟ್ಟರೆ ಅರ್ಧ ಕಿಲೋ ಆಯಿತು. ಎಂದರೆ ತನ್ನ ಮೈತೂಕದ ಅರ್ಧದಷ್ಟನ್ನು ಎರಡು ವಾರದೊಳಗೆ ಮೊಟ್ಟೆಯಾಗಿ ಹೊರಹಾಕುತ್ತದೆ. ಬಳಿಕ ನಾಲ್ಕು ವಾರ ಕಾವು. ಆ ದಿನಗಳಲ್ಲಿ ಹೊಟ್ಟೆ ತುಂಬ ಮೇಯುವ ಹಾಗಿಲ್ಲ. ನರಿ, ಹದ್ದುಗಳ ಭಯ ಬೇರೆ. ಗಂಡು ಬಾತಿಗೆ ಇವಾವುದೂ ಇಲ್ಲ. ಕಾವು ಶುರುವಾದ ಮೇಲೆ ಅದು ತನ್ನ ದಾರಿ ಹಿಡಿಯುತ್ತದೆ.

ಇಷ್ಟು ಖರ್ಚಿನ ಬಾಬತ್ತಿನಲ್ಲಿ ಎಲ್ಲ ಸಲವೂ ಒಂದೇ ಅಳತೆ ಹಾಕುವುದು ಜಾಣತನವಲ್ಲ. ನೀವೇ ಯೋಚಿಸಿ. ನಿಮ್ಮಲ್ಲಿ ಹತ್ತು ಗಾಡಿ ಗೊಬ್ಬರವಿದೆ, ಎರಡು ತುಂಡು ಹೊಲವಿದೆ. ಒಂದಕ್ಕೆ ನಂಬಿಕೆಯ ಬಿತ್ತನೆ ಬೀಜ ಸಿಕ್ಕಿದೆ, ಇನ್ನೊಂದಕ್ಕೆ ಮನೆಯ ಹುಳುಕು ಬೀಜವೇ ಗತಿ. ಗೊಬ್ಬರ ಎತ್ತ ಹೋಗುತ್ತದೆ? ಒಳ್ಳೆಯ ಬೀಜದ ಕಡೆಗೇ. ಬಾತುಕೋಳಿಯ ಮುಂದೆಯೂ ಇದೇ ಪ್ರಶ್ನೆಯಿದೆ. ಅದರ ಗೊಬ್ಬರವೆಂದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು, ಪ್ರೋಟೀನು, ಸುಣ್ಣ. ಒಂದು ಹೊಲ ಈ ವರ್ಷದ ಮರಿಗಳು, ಇನ್ನೊಂದು ಹೊಲ ಮುಂದಿನ ವರ್ಷದ ಮರಿಗಳು.

2000ದಲ್ಲಿ ಕನಿಂಗ್‌ಹ್ಯಾಮ್ ಮತ್ತು ರಸೆಲ್ ಎಂಬಿಬ್ಬರು ವಿಜ್ಞಾನಿಗಳು ಈ ಬಾತುಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಹೆಣ್ಣು ಬಾತು ಯಾವ ಗಂಡನ್ನು ಇಷ್ಟಪಡುತ್ತದೆ, ಯಾವುದನ್ನು ಒಲ್ಲೆನೆನ್ನುತ್ತದೆ ಎಂಬುದನ್ನು ಮೊದಲು ನೋಡಿಕೊಂಡು ಬಳಿಕ ಜೋಡಿ ಮಾಡಿದರು. ಇಷ್ಟದ ಗಂಡಿನ ಜೊತೆ ಕೂಡಿದಾಗ ಹೆಣ್ಣು ದೊಡ್ಡ ಮೊಟ್ಟೆಗಳನ್ನು ಇಟ್ಟಿತು, ಒಲ್ಲದ ಗಂಡಿನ ಜೊತೆಗಾದಾಗ ಸಣ್ಣವನ್ನು. ಮರಿಗಳೂ ಅದಕ್ಕೆ ತಕ್ಕಂತೆ ಇದ್ದವು. ದೊಡ್ಡ ಮೊಟ್ಟೆಯ ಮರಿ ಮೈಕೈ ತುಂಬಿಕೊಂಡು ಹೊರಬಂತು. ಮರಿ ಗಟ್ಟಿಯಾಗಿದ್ದುದು ಅಪ್ಪನ ರಕ್ತದಿಂದಲ್ಲ, ಅಮ್ಮ ಹಾಕಿದ ಹೆಚ್ಚಿನ ಪಾಲಿನಿಂದ ಎಂಬುದು ಇಲ್ಲಿ ಮುಖ್ಯ.

ಇದು ಏಕೆ ಮುಖ್ಯವೆಂದರೆ, ಕೋಳಿಯಲ್ಲಾಗಲಿ ಬಾತಿನಲ್ಲಾಗಲಿ ಹುಟ್ಟಿದ ದಿನದ ಮರಿಯ ತೂಕ ಮೊಟ್ಟೆಯ ತೂಕದ ಸುಮಾರು ಮೂರರಲ್ಲಿ ಎರಡು ಪಾಲು. ಮೊಟ್ಟೆ 36 ಗ್ರಾಂ ಇದ್ದರೆ ಮರಿ 24, ಮೊಟ್ಟೆ 48 ಇದ್ದರೆ ಮರಿ 32. ಮಳೆಗಾಲದ ಮೊದಲ ವಾರ ಅಂಗಳದಲ್ಲಿ ಬದುಕುವುದು ಯಾವುದು, ಮುದುರಿಕೊಂಡು ಸಾಯುವುದು ಯಾವುದು ಎಂಬುದನ್ನು ಬಹಳಮಟ್ಟಿಗೆ ಈ 8 ಗ್ರಾಂ ನಿರ್ಧರಿಸುತ್ತದೆ.

ನವಿಲಿನ ಸೋಗೆ

ನವಿಲಿನ ಮಾತೆತ್ತಿದರೆ ನಿಮ್ಮಲ್ಲಿ ಅನೇಕರಿಗೆ ಸಿಟ್ಟು ಬರಬಹುದು. ನೆಲಗಡಲೆ ಬಿತ್ತಿದ ಮೂರನೆಯ ದಿನ ಸಾಲುಸಾಲಾಗಿ ಕೆದಕಿ ತಿನ್ನುವ ಹಕ್ಕಿ ಅದು. 1963ರಲ್ಲಿ ರಾಷ್ಟ್ರಪಕ್ಷಿಯಾಯಿತು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಮುಟ್ಟುವಂತಿಲ್ಲ. ಓಡಿಸುವುದಷ್ಟೇ ನಮ್ಮ ಪಾಲಿಗೆ. ಆದರೂ ಹೊಲದ ಬದುವಿನಲ್ಲಿ ನಿಂತು ಅದರ ಸಂಸಾರವನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಗಂಡು ನವಿಲು ಗೂಡಿಗೆ ಒಂದು ಕಡ್ಡಿಯನ್ನೂ ತರುವುದಿಲ್ಲ, ಮರಿಗೆ ಒಂದು ಕಾಳನ್ನೂ ಕೊಡುವುದಿಲ್ಲ. ಸೋಗೆ ಬಿಚ್ಚಿ ಕುಣಿಯುವುದೊಂದೇ ಅದರ ಉದ್ಯೋಗ. ಹಾಗಿದ್ದರೂ ಹೆಣ್ಣುಗಳು ನಾಲ್ಕಾರು ಗಂಡುಗಳನ್ನು ಸುತ್ತಿ ನೋಡಿ, ಒಂದನ್ನೇ ಆರಿಸಿಕೊಳ್ಳುತ್ತವೆ.

ಇಂಗ್ಲೆಂಡಿನ ವಿಪ್ಸ್‌ನೇಡ್ ಪ್ರಾಣಿವನದಲ್ಲಿ ಬಯಲಿಗೆ ಬಿಟ್ಟ ನವಿಲುಗಳನ್ನು ಮೇರಿಯನ್ ಪೆಟ್ರಿ ಎಂಬ ವಿಜ್ಞಾನಿ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಸೋಗೆಯಲ್ಲಿ ಕಣ್ಣುಗಳು ಹೆಚ್ಚಿದ್ದ ಗಂಡಿಗೆ ಹೆಣ್ಣುಗಳೂ ಹೆಚ್ಚು ಎಂದು ಕಂಡಿತು. ಕೆಲವು ಗಂಡುಗಳ ಸೋಗೆಯಿಂದ 20 ಕಣ್ಣುಗಳನ್ನು ಕತ್ತರಿಸಿದಾಗ ಮುಂದಿನ ಋತುವಿನಲ್ಲಿ ಅವುಗಳ ಬಳಿ ಬರುವ ಹೆಣ್ಣುಗಳು ಕಡಿಮೆಯಾದವು. 1993ರಲ್ಲಿ ಇನ್ನೊಂದು ಫಲಿತಾಂಶ ಬಂತು: ದೊಡ್ಡ ಸೋಗೆಯ ಗಂಡಿನೊಂದಿಗೆ ಕೂಡಿಸಿದ ಹೆಣ್ಣು ಹೆಚ್ಚು ಮೊಟ್ಟೆ ಇಡುತ್ತದೆ. 1994ರಲ್ಲಿ ಮೂರನೆಯದು: ಹೆಣ್ಣಿಗೆ ಆಯ್ಕೆಯನ್ನೇ ಕೊಡದೆ ಚೀಟಿ ಎತ್ತಿದಂತೆ ಜೋಡಿ ಮಾಡಿ, ಮರಿಗಳನ್ನೆಲ್ಲ ಒಂದೇ ರೀತಿ ಸಾಕಿದಾಗ, ಸೊಗಸಿನ ಸೋಗೆಯ ಗಂಡಿನ ಮರಿಗಳು ಬೇಗ ತೂಕ ಹಾಕಿದವು, ವನದಲ್ಲಿ ಬಿಟ್ಟ ಎರಡು ವರ್ಷಗಳ ಮೇಲೂ ಅವುಗಳಲ್ಲಿಯೇ ಹೆಚ್ಚು ಬದುಕಿದ್ದವು.

ಆಗ ಎಲ್ಲರೂ ಹೇಳಿದ್ದು, ನೋಡಿ, ಅಪ್ಪನ ರಕ್ತದ ಗುಣ ಎಂದು. ಆದರೆ ಮೇಲೆ ಹೇಳಿದ ಬಾತುಗಳ ಪ್ರಯೋಗ ಬಂದ ಮೇಲೆ ಈ ತೀರ್ಮಾನ ಸ್ವಲ್ಪ ಅಲುಗಾಡಿತು. ಗಂಡನ್ನು ತಾನೇ ಆರಿಸದಿದ್ದರೂ ಹೆಣ್ಣು ಅದನ್ನು ನೋಡಿಯಂತೂ ಇರುತ್ತದೆ. ಸೋಗೆ ನೋಡಿ ಮೆಚ್ಚಿ ಮೊಟ್ಟೆಗೆ ತುಸು ಹೆಚ್ಚು ಹಾಕಿದ್ದರೆ? ಮರಿಯ ಬಲದಲ್ಲಿ ಅಪ್ಪನ ಪಾಲೆಷ್ಟು, ಅಮ್ಮನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಜಪಾನಿನಲ್ಲಿ ಏಳು ವರ್ಷ ನವಿಲುಗಳನ್ನು ನೋಡಿದವರು 2008ರಲ್ಲಿ, ನಮ್ಮ ಹೆಣ್ಣುಗಳು ಸೋಗೆಯನ್ನು ಲೆಕ್ಕಕ್ಕೇ ಇಡಲಿಲ್ಲ ಎಂದು ಬರೆದರು. ಆದುದರಿಂದ ನವಿಲಿನ ವಿಷಯದಲ್ಲಿ ಚರ್ಚೆ ಮುಗಿದಿದೆ ಎಂದು ನಾನು ಹೇಳಲಾರೆ.

ಕಾಲಿಗೆ ಕೆಂಪು ಬಳೆ

ಬೆಂಗಳೂರಿನ ಹಕ್ಕಿ ಅಂಗಡಿಗಳಲ್ಲಿ ಪಂಜರದಲ್ಲಿಟ್ಟು ಮಾರುವ, ಕೆಂಪು ಕೊಕ್ಕಿನ ಸಣ್ಣ ಫಿಂಚ್ ಹಕ್ಕಿಯನ್ನು ನೀವು ನೋಡಿರಬಹುದು. ಅದರ ತವರು ಆಸ್ಟ್ರೇಲಿಯ. ಹೆಸರು ಝೀಬ್ರಾ ಫಿಂಚ್. ಗುರುತಿಗೆಂದು ಈ ಹಕ್ಕಿಗಳ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಬಳೆ ಹಾಕುವುದುಂಟು. ಅಮೆರಿಕದ ನ್ಯಾನ್ಸಿ ಬರ್ಲಿ ಎಂಬ ವಿಜ್ಞಾನಿ 1980ರ ದಶಕದಲ್ಲಿ ಒಂದು ವಿಚಿತ್ರ ಕಂಡುಕೊಂಡರು. ಕೆಂಪು ಬಳೆ ಹಾಕಿದ ಗಂಡನ್ನು ಹೆಣ್ಣುಗಳು ಮೆಚ್ಚುತ್ತಿದ್ದವು, ಹಸಿರು ಬಳೆಯದನ್ನು ಮೂಸುತ್ತಿರಲಿಲ್ಲ. ಅಷ್ಟೇ ಅಲ್ಲ, ಕೆಂಪು ಬಳೆಯ ಗಂಡಿನ ಹೆಂಡತಿ ಮರಿ ಸಾಕುವುದರಲ್ಲಿ ಹೆಚ್ಚು ದುಡಿಯುತ್ತಿದ್ದಳು; ಗಂಡ ಮಾತ್ರ ಮೈಗಳ್ಳನಾಗುತ್ತಿದ್ದ. ಚೆಂದದ ಗಂಡನನ್ನು ಕಟ್ಟಿಕೊಂಡವರ ಪಾಡು ಎಲ್ಲ ಕಡೆಯೂ ಒಂದೇ ಎಂದು ನಮ್ಮ ಮನೆಯಾಕೆ ಇದನ್ನು ಕೇಳಿ ಹೇಳಿದಳು. ಅದು ಅವಳ ಅಭಿಪ್ರಾಯ.

ಬಳೆಯಲ್ಲಿ ರಕ್ತದ ಗುಣವೇನೂ ಇಲ್ಲ. ಈ ಹೊತ್ತು ಕೆಂಪು ಹಾಕಿದ್ದನ್ನು ನಾಳೆ ತೆಗೆದು ಹಸಿರು ಹಾಕಬಹುದು. ಆದ್ದರಿಂದ ಇಲ್ಲಿ ಕಂಡ ವ್ಯತ್ಯಾಸ ಪೂರ್ತಿಯಾಗಿ ತಾಯಿಯ ಕಡೆಯದೇ ಎಂದು ಹೇಳಬಹುದು. 1999ರಲ್ಲಿ ಡಿಯೇಗೋ ಗಿಲ್ ಮತ್ತು ಸಂಗಡಿಗರು ಇದೇ ಹಕ್ಕಿಯ ಮೊಟ್ಟೆಗಳನ್ನು ಒಡೆದು ಹಳದಿ ಭಂಡಾರವನ್ನು ಪರೀಕ್ಷಿಸಿದರು. ಕೆಂಪು ಬಳೆಯ ಗಂಡಿನ ಜೊತೆಗಿದ್ದಾಗ ಇಟ್ಟ ಮೊಟ್ಟೆಯಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಹೆಚ್ಚಿತ್ತು. ಇದು ತಾಯಿಯ ಮೈಯಿಂದ ಭಂಡಾರಕ್ಕೆ ಇಳಿಯುವಂಥದ್ದು. ಅನೇಕ ಹಕ್ಕಿಗಳಲ್ಲಿ ಮರಿಯು ಗಟ್ಟಿಯಾಗಿ ಬಾಯಿಬಿಟ್ಟು ಕೂಗಿ ಆಹಾರ ಕೇಳುವುದಕ್ಕೆ, ಬೇಗ ಬೆಳೆಯುವುದಕ್ಕೆ ನೆರವಾಗುತ್ತದೆ. ಹೊರಗಿನಿಂದ ಎರಡು ಮೊಟ್ಟೆಗಳೂ ಒಂದೇ ಸಮ ಕಾಣಬಹುದು, ಒಳಗಿನ ಸರಕು ಬೇರೆ.

ಮೆಕ್ಸಿಕೋ ದೇಶದ ಕಡಲಿನಲ್ಲಿ ನೀಲಿಗಾಲಿನ ಬೂಬಿ ಎಂಬ ಮೀನುಗುಳಿ ಹಕ್ಕಿಯಿದೆ. ಚೆನ್ನಾಗಿ ಮೀನು ತಿಂದ ಗಂಡಿನ ಪಾದ ಹಸಿರು ಬೆರೆತ ನೀಲಿಯಾಗಿ ಹೊಳೆಯುತ್ತದೆ, ಹಸಿದದ್ದರ ಪಾದ ಎರಡೇ ದಿನಗಳಲ್ಲಿ ಮಂಕಾಗುತ್ತದೆ. ಹೆಣ್ಣು ಮೊದಲ ಮೊಟ್ಟೆ ಇಟ್ಟ ಮೇಲೆ ಸಂಶೋಧಕರು ಗಂಡಿನ ಪಾದಕ್ಕೆ ಮಂಕು ಬಣ್ಣ ಬಳಿದರು. ಎರಡನೆಯ ಮೊಟ್ಟೆ ಸಣ್ಣದಾಯಿತು. 2006ರಲ್ಲಿ ಪ್ರಕಟವಾದ ಈ ವರದಿ ನನಗೆ ಬಹಳ ಹಿಡಿಸಿತು. ಒಂದು ಕಾವಿನ ನಡುವೆಯೇ, ಒಂದು ಮೊಟ್ಟೆಗೂ ಇನ್ನೊಂದಕ್ಕೂ ನಡುವಿನ ನಾಲ್ಕಾರು ದಿನಗಳಲ್ಲಿಯೇ, ಹೆಣ್ಣು ತನ್ನ ಲೆಕ್ಕವನ್ನು ತಿದ್ದಿಕೊಂಡಿತು. ಬೂಬಿಯ ಗಂಡು ನವಿಲಿನ ಹಾಗಲ್ಲ. ಮರಿಗೆ ಮೀನು ತರುವ ಹೊಣೆ ಅದಕ್ಕೂ ಇದೆ. ಗಂಡನೇ ಹಸಿದಿದ್ದರೆ ಮಕ್ಕಳಿಗೆ ಏನು ತಂದಾನು ಎಂಬ ವಿಚಾರ ಇಲ್ಲಿ ಸೇರಿದೆ.

ಉಲ್ಟಾ ಲೆಕ್ಕವೂ ಉಂಟು

ಇಷ್ಟು ಓದಿ, ಒಳ್ಳೆಯ ಗಂಡಾದರೆ ದೊಡ್ಡ ಮೊಟ್ಟೆ ಎಂಬುದೇ ಕಟ್ಟಳೆ ಎಂದು ಬರೆದಿಟ್ಟುಕೊಳ್ಳಬೇಡಿ. ಹುಳುಕು ಬೀಜವೇ ಗತಿಯಾದ ಹೊಲಕ್ಕೆ, ಬೀಜವಂತೂ ಹೋಯಿತು, ಗೊಬ್ಬರವನ್ನಾದರೂ ಜೋರಾಗಿ ಹಾಕೋಣ ಎನ್ನುವ ರೈತನೂ ಇದ್ದಾನಲ್ಲವೇ? ಹಕ್ಕಿಗಳಲ್ಲಿಯೂ ಇದ್ದಾನೆ, ಅಲ್ಲ, ಇದ್ದಾಳೆ. ಅದೇ ಮಲ್ಲಾರ್ಡ್ ಬಾತಿನ ಮೇಲೆ ಬ್ಲೂಮ್ ಮತ್ತು ಗೋವಾಟಿ ಎಂಬವರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಲ್ಲದ ಗಂಡಿಗೆ ಗಂಟುಬಿದ್ದ ಹೆಣ್ಣುಗಳೇ ಮೊಟ್ಟೆಗೆ ಹೆಚ್ಚು ಹಾಕಿ ಮರಿಯ ಕೊರತೆಯನ್ನು ತುಂಬಲು ನೋಡಿದವು. ಅಮೆರಿಕದ ಹೌಸ್ ಫಿಂಚ್ ಎಂಬ ಹಕ್ಕಿಯಲ್ಲಿಯೂ ಮಂಕು ಬಣ್ಣದ ಗಂಡಿನ ಜೋಡಿಯೇ ಭಂಡಾರಕ್ಕೆ ಹೆಚ್ಚು ಸತ್ವ ತುಂಬಿದ್ದು ಕಂಡುಬಂದಿದೆ.

ಒಂದೇ ಜಾತಿಯ ಬಾತಿನಲ್ಲಿ ಎರಡು ಬಗೆಯ ಉತ್ತರ ಬಂದರೆ ಯಾವುದನ್ನು ನಂಬುವುದು? ನನಗೆ ತೋಚುವುದು ಇಷ್ಟು. ಮುಂದೆ ಒಳ್ಳೆಯ ಗಂಡು ಸಿಗುವ ಸಂಭವವಿದ್ದರೆ ತಾಯಿ ಈ ಸಲ ಕೈ ಹಿಡಿದು ಖರ್ಚು ಮಾಡುತ್ತಾಳೆ. ಮುಂದೆ ಸಿಗುವುದು ಅನುಮಾನವಾದರೆ ಇದ್ದುದರಲ್ಲಿಯೇ ಮರಿಯನ್ನು ಉಳಿಸಿಕೊಳ್ಳಲು ಹೆಣಗುತ್ತಾಳೆ. ವಯಸ್ಸು, ಮೇವು, ಋತು ಎಲ್ಲವೂ ಈ ಲೆಕ್ಕದಲ್ಲಿ ಸೇರುತ್ತವೆ. ಎರಡು ಬಗೆಯಲ್ಲಿಯೂ ಒಂದಂತೂ ಸಮ: ಹೆಣ್ಣು ಗಂಡನ್ನು ಗಮನಿಸಿಯೇ ಖರ್ಚು ಮಾಡುತ್ತದೆ.

ನಮ್ಮ ಅಂಗಳದ ಕೋಳಿ

ಈಗ ನಮ್ಮ ಹಿತ್ತಿಲಿಗೆ ಬರೋಣ. ಕೋಳಿಗಳ ವಿಷಯದಲ್ಲಿ ಅತ್ಯಂತ ಉಪಯುಕ್ತ ಸಂಗತಿಗಳು ದೊರೆತದ್ದು ಸ್ವೀಡನ್ ದೇಶದಲ್ಲಿ, ಕಟ್ಟುಪಾಡಿಲ್ಲದೆ ಬಯಲಿನಲ್ಲಿ ಬೆಳೆದ ಕೋಳಿಗಳಿಂದ. ಟೊಮಾಸೊ ಪಿಜ್ಜಾರಿ ಮತ್ತು ಟಿಮ್ ಬರ್ಕ್‌ಹೆಡ್ 2000ದಲ್ಲಿ ತೋರಿಸಿದ್ದು ಇದು: ಮಂದೆಯಲ್ಲಿ ಕೆಳದರ್ಜೆಯ ಹುಂಜ ಬಲವಂತವಾಗಿ ಮೆಟ್ಟಿದರೆ, ಹೇಂಟೆ ಅದು ಇಳಿದ ಕೂಡಲೇ ಅದರ ವೀರ್ಯವನ್ನು ಹೊರಕ್ಕೆ ಹಾಕಿಬಿಡುತ್ತದೆ. ಯಜಮಾನ ಹುಂಜದ ವೀರ್ಯವನ್ನು ಉಳಿಸಿಕೊಳ್ಳುತ್ತದೆ. ನೀವು ಹಿತ್ತಿಲಲ್ಲಿ ನಿಂತು, ಹುಂಜ ಮೆಟ್ಟಿತು, ಇನ್ನು ಮೊಟ್ಟೆ ಗಟ್ಟಿ ಎಂದುಕೊಂಡಿರುತ್ತೀರಿ. ಹೇಂಟೆಯ ತೀರ್ಮಾನ ಬೇರೆಯಿರುತ್ತದೆ.

ಒಡಹುಟ್ಟಿದ ಹುಂಜದ ವಿಷಯದಲ್ಲಿಯೂ ಹಾಗೆಯೇ. ಅದೇ ತಂಡದವರು 2004ರಲ್ಲಿ ಪ್ರಕಟಿಸಿದಂತೆ, ಅಣ್ಣತಮ್ಮಂದಿರ ಜೊತೆ ಕೂಡಿದ ಹೇಂಟೆಯ ಒಳಗೆ ಉಳಿಯುವ ವೀರ್ಯಾಣುಗಳ ಸಂಖ್ಯೆ ಕಡಿಮೆ. ಒಳರಕ್ತದ ಮರಿ ನಿಲ್ಲದೆಂಬುದು ದನಕರು ಸಾಕಿದ ನಿಮಗೆ ಹೊಸದಲ್ಲ. ಆದರೆ ಅದನ್ನು ತಡೆಯುವ ಒಂದು ಜರಡಿ ಹೇಂಟೆಯ ಮೈಯೊಳಗೇ ಇದೆ ಎಂಬುದು ಹೊಸದು. ನಮ್ಮ ಮನೆಯ ಸಣ್ಣ ಹುಂಜದಲ್ಲಿ ಈ ಎರಡು ಕುಂದುಗಳೂ ಇದ್ದವು.

ಹಾಗಾದರೆ ಮೊದಲ ಕಾವು ಸರಿಯಾಗಿ ಮರಿಯಾದದ್ದು ಹೇಗೆ? ಹೇಂಟೆಯ ಗರ್ಭನಾಳದಲ್ಲಿ ವೀರ್ಯವನ್ನು ಕೂಡಿಟ್ಟುಕೊಳ್ಳುವ ಸಣ್ಣ ಸಣ್ಣ ನಳಿಗೆಗಳಿವೆ. ಒಮ್ಮೆ ಕೂಡಿದರೆ ಎರಡು ವಾರ, ಕೆಲವೊಮ್ಮೆ ಮೂರು ವಾರದವರೆಗೂ ಫಲಿತ ಮೊಟ್ಟೆಗಳು ಬರುತ್ತಿರುತ್ತವೆ. ನಾನು ಮಾರಿದ ಕೆಂಪು ಹುಂಜ ಯಾರದೋ ಸಾರಿನ ಪಾತ್ರೆ ಸೇರಿದ ಮೇಲೂ ಅದರ ಬೀಜ ನಮ್ಮ ಹೇಂಟೆಗಳ ಒಳಗೆ ಕೆಲಸ ಮಾಡುತ್ತಿತ್ತು. ಅದನ್ನೇ ಸಣ್ಣ ಹುಂಜದ ಲೆಕ್ಕಕ್ಕೆ ಬರೆದುಕೊಂಡೆ.

ಹುಂಜವೂ ಲೆಕ್ಕವಿಲ್ಲದೆ ಖರ್ಚು ಮಾಡುವ ಪ್ರಾಣಿಯಲ್ಲ. 2003ರ ಅವರ ಇನ್ನೊಂದು ವರದಿಯಂತೆ, ಹುಂಜವು ದೊಡ್ಡ ಜುಟ್ಟಿನ ಹೇಂಟೆಗೆ ಹೆಚ್ಚು ವೀರ್ಯ ಕೊಡುತ್ತದೆ, ಸಣ್ಣ ಜುಟ್ಟಿನದಕ್ಕೆ ಕಡಿಮೆ. ದೊಡ್ಡ ಜುಟ್ಟಿನ ಹೇಂಟೆಯ ಮೊಟ್ಟೆ ತೂಕವಾಗಿರುತ್ತದೆ, ಭಂಡಾರವೂ ಹೆಚ್ಚು. ಎದುರಿಗೆ ಇನ್ನೊಂದು ಹುಂಜ ನಿಂತಿದ್ದರೆ ಕೊಡುವ ಪ್ರಮಾಣ ಬದಲಾಗುತ್ತದೆ. ಹೊಸ ಹೇಂಟೆ ಬಂದರೆ ಮತ್ತೆ ಏರುತ್ತದೆ. ಬೀಜ ಅಗ್ಗ, ಎಷ್ಟಾದರೂ ಚೆಲ್ಲಬಹುದು ಎಂಬ ನಮ್ಮ ತಿಳಿವಳಿಕೆ ಸುಳ್ಳು. ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ದಂಡು ಕಟ್ಟಿಕೊಂಡು ಬೆಳೆಗೆ ಬೀಳುವ ಮಾರ್ಮನ್ ಚಿಮ್ಮಂಡೆ ಎಂಬ ಕೀಟದಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಗಂಡು ತನ್ನ ಮೈತೂಕದ ಸುಮಾರು ಕಾಲು ಪಾಲಿನಷ್ಟು ದೊಡ್ಡ ವೀರ್ಯದ ಗಂಟನ್ನು ಹೆಣ್ಣಿಗೆ ತಿನ್ನಲು ಕೊಡಬೇಕು. ಆದ್ದರಿಂದ ಆರಿಸುವ ಸರದಿ ಗಂಡಿನದು. ಹಗುರವಾದ ಹೆಣ್ಣನ್ನು ಅದು ತಳ್ಳಿಬಿಡುತ್ತದೆ, ತೂಕದ ಹೆಣ್ಣನ್ನು ಒಪ್ಪುತ್ತದೆ; ತೂಕದ ಹೊಟ್ಟೆಯಲ್ಲಿ ಮೊಟ್ಟೆಗಳು ಹೆಚ್ಚು. 1981ರಲ್ಲಿ ಡ್ಯಾರಿಲ್ ಗ್ವಿನ್ ಎಂಬವರು ಇದನ್ನು ಬರೆದರು.

ಚಿಮ್ಮಂಡೆಯ ಮಾತು ಬಂತೆಂದು ನಮ್ಮ ನಾಡಿನದೇ ಒಂದನ್ನು ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ್ದು. ಗಿಡದ ಮೇಲೆ ಕೂತು ರಾತ್ರಿ ಕೂಗುವ ಒಂದು ಸಣ್ಣ ಚಿಮ್ಮಂಡೆಯಿದೆ. ಹೆಣ್ಣಿಗೆ ಗಟ್ಟಿ ದನಿಯ ದೊಡ್ಡ ಗಂಡೇ ಬೇಕು. ಅಂಥದರ ಜೊತೆ ಹೆಚ್ಚು ಹೊತ್ತು ಕೂಡುತ್ತದೆ, ಹೆಚ್ಚು ಹೊತ್ತಾದರೆ ವೀರ್ಯವೂ ಹೆಚ್ಚು ಸೇರುತ್ತದೆ. ಕೀಚು ದನಿಯ ಸಣ್ಣ ಗಂಡು ಏನು ಮಾಡುತ್ತದೆ ಗೊತ್ತೇ? ಎಲೆಯಲ್ಲಿ ತೂತು ಕೊರೆದು, ಅದರಲ್ಲಿ ತಲೆ ತೂರಿಸಿ, ರೆಕ್ಕೆಗಳನ್ನು ಎಲೆಗೆ ಒತ್ತಿಕೊಂಡು ಕೂಗುತ್ತದೆ. ಎಲೆ ಧ್ವನಿವರ್ಧಕದಂತೆ ದನಿಯನ್ನು ಹೆಚ್ಚಿಸುತ್ತದೆ. ಹೆಣ್ಣು ಮೋಸ ಹೋಗಿ ಬರುತ್ತದೆ, ದೊಡ್ಡ ಗಂಡಿಗೆ ಕೊಡುವಷ್ಟೇ ಹೊತ್ತನ್ನು ಇದಕ್ಕೂ ಕೊಡುತ್ತದೆ.

ಹುಂಜವನ್ನು ಆರಿಸುವಾಗ

ಹೇಂಟೆಯ ಕಣ್ಣು ಮೊದಲು ಬೀಳುವುದು ಜುಟ್ಟಿನ ಮೇಲೆ. ನಮ್ಮ ಕೋಳಿಗಳ ಪೂರ್ವಜವಾದ ಕೆಂಪು ಕಾಡುಕೋಳಿಯ ಮೇಲೆ ಮಾರ್ಲಿನ್ ಝುಕ್ ಮತ್ತಿತರರು ನಡೆಸಿದ ಪ್ರಯೋಗ 1990ರಲ್ಲಿ ಪ್ರಕಟವಾಯಿತು. ದುಂಡು ಹುಳುವಿನ ಸೋಂಕು ಹತ್ತಿದ ಹುಂಜಗಳ ಜುಟ್ಟು ಗಿಡ್ಡವಾಯಿತು, ಬಣ್ಣ ಕಳೆಗುಂದಿತು. ಹೇಂಟೆಗಳು ಸೋಂಕಿಲ್ಲದ ಹುಂಜವನ್ನೇ ಆರಿಸಿಕೊಂಡವು. ಮೈಗರಿಯ ಹೊಳಪನ್ನು ಹುಳು ಅಷ್ಟಾಗಿ ಕೆಡಿಸುವುದಿಲ್ಲ, ಜುಟ್ಟನ್ನು ಕೆಡಿಸುತ್ತದೆ. ಸಂತೆಯಲ್ಲಿ ಗರಿಯ ಬಣ್ಣ ನೋಡಿ ಹುಂಜ ಕೊಳ್ಳುವವರು ಇದನ್ನು ನೆನಪಿನಲ್ಲಿಡುವುದು ಲೇಸು. ಜುಟ್ಟು ನಿಮಿರಿ, ಕೆಂಪಾಗಿ, ಮುಟ್ಟಿದರೆ ಬೆಚ್ಚಗಿರಬೇಕು. ಎದೆಮೂಳೆ ನೆಟ್ಟಗಿರಬೇಕು, ಕಾಲು ಬಲವಾಗಿರಬೇಕು. ಹುಂಜಕ್ಕೂ ಹೇಂಟೆಗೂ ಆಗಾಗ ಜಂತುಹುಳುವಿನ ಔಷಧಿಯನ್ನು ಪಶುವೈದ್ಯರನ್ನು ಕೇಳಿ ಕೊಡಿ.

ನಮ್ಮ ಹಳ್ಳಿಗಳಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗು. ಬೇಗ ಬೆಳೆದು ತೂಕ ಬಂದ ಹುಂಜ ಹಬ್ಬಕ್ಕೋ, ಹರಕೆಗೋ, ಮಾರಾಟಕ್ಕೋ ಹೋಗುತ್ತದೆ. ಯಾರಿಗೂ ಬೇಡವಾದದ್ದು ಮಂದೆಯ ಅಪ್ಪನಾಗುತ್ತದೆ. ಹತ್ತು ವರ್ಷ ಹೀಗೆ ಮಾಡಿದರೆ ನಾಟಿ ತಳಿ ಕುಗ್ಗದೆ ಏನಾದೀತು? ಬೆಲೆ ಬಂದಾಗ ಮಾರಬಾರದೆಂದು ನಾನು ಹೇಳುತ್ತಿಲ್ಲ. ದುಡ್ಡಿನ ಅಗತ್ಯ ಎಲ್ಲರಿಗೂ ಇದೆ. ಎರಡು ಒಳ್ಳೆಯ ಹುಂಜಗಳಿದ್ದರೆ ಒಂದನ್ನು ಮಾರಿ. ಒಂದೇ ಇದ್ದರೆ ಬದಲಿಗೆ ಇನ್ನೊಂದನ್ನು ತಂದುಕೊಂಡ ಮೇಲೆ ಮಾರಿ. ಹುಂಜವನ್ನು ಪಕ್ಕದ ಊರಿನ ನೆಂಟರೊಡನೆ ಅದಲುಬದಲು ಮಾಡಿಕೊಂಡರೆ ಕಾಸಿನ ಖರ್ಚೂ ಇಲ್ಲ, ಒಳರಕ್ತದ ಭಯವೂ ಇಲ್ಲ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಎರಡು ಮೂರು ಇಟ್ಟರೆ ಕಾದಾಟದಲ್ಲಿಯೇ ಹೊತ್ತು ಹೋಗುತ್ತದೆ.

ಹೊರಗಿನಿಂದ ತಂದ ಹುಂಜವನ್ನು ಅದೇ ದಿನ ಮಂದೆಗೆ ಬಿಡಬೇಡಿ. ರಾಣಿಖೇತ್ ರೋಗ, ಅಂದರೆ ನಮ್ಮಲ್ಲಿ ಕೊಕ್ಕರೆ ರೋಗ ಎನ್ನುವುದು, ಹೊಸ ಕೋಳಿಯ ಜೊತೆಗೇ ಬರುತ್ತದೆ. ಎರಡು ಮೂರು ವಾರ ಬೇರೆ ಪಂಜರದಲ್ಲಿಟ್ಟು, ಲಸಿಕೆ ಹಾಕಿಸಿ, ಸುಖವಾಗಿದ್ದರೆ ಬಿಡಿ. ಬಿಟ್ಟ ಮೇಲೂ ಮೂರು ವಾರದ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ಕಾವಿಗೆ ಇಡಬೇಡಿ. ಅದರಲ್ಲಿ ಹಳೆಯ ಹುಂಜದ್ದೆಷ್ಟು ಹೊಸದರದ್ದೆಷ್ಟು ಎಂದು ಯಾರೂ ಹೇಳಲಾರರು.

ತಾಯಿಗೆ ಗಂಡು ಹಿಡಿಸಿದರಷ್ಟೇ ಸಾಲದು, ಮೊಟ್ಟೆಗೆ ಹಾಕಲು ಅವಳ ಹತ್ತಿರ ಸರಕಿರಬೇಕು. ಕಾವಿಗೆ ಮೊಟ್ಟೆ ಕೂಡಿಡುವ ದಿನಗಳಲ್ಲಿ ಹೇಂಟೆಗೆ ಒಂದು ಹಿಡಿ ರಾಗಿ ಇಲ್ಲವೇ ಜೋಳ, ಸ್ವಲ್ಪ ಹಿಂಡಿ, ಕಪ್ಪೆಚಿಪ್ಪಿನ ಪುಡಿ, ಹಸಿ ಸೊಪ್ಪು ದೊರೆಯುವಂತೆ ನೋಡಿಕೊಳ್ಳಿ. ಗೆದ್ದಲು ಸಿಕ್ಕಿದರೆ ಇನ್ನೂ ಉತ್ತಮ.

ಕಾವಿಗೆ ಕೂತ 7ನೆಯ ರಾತ್ರಿ, ಕತ್ತಲಲ್ಲಿ ಮೊಟ್ಟೆಯ ಹಿಂದೆ ಟಾರ್ಚು ಹಿಡಿದು ನೋಡಿ. ಜೇಡನಂತೆ ನರಗಳು ಹರಡಿದ್ದರೆ ಮರಿಯಿದೆ. ಒಳಗೆಲ್ಲ ತಿಳಿಯಾಗಿದ್ದರೆ ಮೊಟ್ಟೆ ಫಲಿತವಾಗಿಲ್ಲ. ಅಲ್ಲಿ ವಿಚಾರಿಸಬೇಕಾದ್ದು ಹುಂಜವನ್ನು. ರಕ್ತದ ಉಂಗುರ ಮಾತ್ರ ಕಂಡರೆ ಫಲಿತವಾಗಿ ಬಳಿಕ ಸತ್ತಿದೆ. ಮೊಟ್ಟೆ ವಾರಕ್ಕಿಂತ ಹಳೆಯದೋ, ಬಿಸಿಲಿಗೆ ಬಿದ್ದಿತ್ತೋ, ಒಳರಕ್ತವೋ, ಹೇಂಟೆ ಎದ್ದು ಹೋದದ್ದೋ ಎಂದು ನೋಡಬೇಕು. ಈ ಒಂದು ಕೆಲಸವನ್ನು ನಾನು ಆ ವರ್ಷ ಮಾಡಿದ್ದರೆ ಹೇಂಟೆ ಸಂತೆಗೆ ಹೋಗುತ್ತಿರಲಿಲ್ಲ.

ದನಗಳ ಮಾತು

ಹಸು, ಎಮ್ಮೆಗಳಲ್ಲಿ ಹೀಗುಂಟೇ ಎಂದು ಕೇಳುವಿರಿ. ಕೃತಕ ಗರ್ಭಧಾರಣೆಯಲ್ಲಿ ಹಸು ಹೋರಿಯ ಮುಖವನ್ನೇ ನೋಡುವುದಿಲ್ಲ, ಮೆಚ್ಚುವ ಪ್ರಶ್ನೆ ಎಲ್ಲಿಯದು? ಆದರೆ ಗರ್ಭದಲ್ಲಿ ಎಷ್ಟು ಕೊಡಬೇಕೆಂಬ ಕಡಿವಾಣ ತಾಯಿಯ ಕೈಯಲ್ಲಿಯೂ ಇದೆ ಎಂಬುದಕ್ಕೆ ಹಳೆಯದೊಂದು ಪ್ರಯೋಗವಿದೆ. ಇಂಗ್ಲೆಂಡಿನ ವಾಲ್ಟನ್ ಮತ್ತು ಹ್ಯಾಮಂಡ್ ದೈತ್ಯ ಶೈರ್ ಕುದುರೆಯನ್ನೂ ಕುಳ್ಳ ಶೆಟ್ಲೆಂಡ್ ತಟ್ಟುವನ್ನೂ ಕೃತಕವಾಗಿ ಕೂಡಿಸಿ 1938ರಲ್ಲಿ ಫಲಿತಾಂಶ ಬರೆದರು. ಬೆರಕೆ ಒಂದೇ ಆದರೂ ದೊಡ್ಡ ತಾಯಿಗೆ ಹುಟ್ಟಿದ ಮರಿ ಕುಳ್ಳ ತಾಯಿಯ ಮರಿಯ ಮೂರರಷ್ಟು ತೂಗಿತು. ಹಸುಗಳಲ್ಲಿ ಈ ಕಡಿವಾಣ ಇಷ್ಟು ಬಿಗಿಯಿಲ್ಲ. ದೊಡ್ಡ ತಳಿಯ ಕರು ಹೊಟ್ಟೆಯಲ್ಲಿ ದೊಡ್ಡದಾಗಿಯೇ ಬೆಳೆದು ಸಣ್ಣ ಹಸುವಿನ ಹೆರಿಗೆಯನ್ನು ಕಷ್ಟಕ್ಕೆ ತರುತ್ತದೆ. ಮಲೆನಾಡು ಗಿಡ್ಡಕ್ಕೆ ಹೋಲ್‌ಸ್ಟೀನ್ ವೀರ್ಯ ಹಾಕಿಸುವ ಮೊದಲು, ಅದರಲ್ಲಿಯೂ ಮೊದಲ ಸೂಲಿನ ಕಡಸಾದರೆ, ನಿಮ್ಮ ಪಶುವೈದ್ಯರೊಡನೆ ಎರಡು ಸಲ ಮಾತಾಡಿ.

ನಮ್ಮ ಮನೆಗೆ ಈಗ ಬೇರೆ ಊರಿನ ಹುಂಜ ಬಂದಿದೆ. ಕಪ್ಪು ಬಾಲ, ದಪ್ಪ ಜುಟ್ಟು, ಸ್ವಲ್ಪ ಜಗಳಗಂಟ. ಅದನ್ನು ಆರಿಸಿದ್ದು ನಾನಲ್ಲ. ಮನೆಯಾಕೆ ಮೂರು ಮನೆ ಸುತ್ತಿ, ಎದೆ ಮುಟ್ಟಿ, ಕಾಲು ಎತ್ತಿ ನೋಡಿ ತಂದಳು. ಪೆನ್ಸಿಲಿನಲ್ಲಿ ತಾರೀಖು ಬರೆದ 11 ಮೊಟ್ಟೆಗಳು ಕಳೆದ ಸೋಮವಾರ ಕಾವಿಗೆ ಕೂತಿವೆ. ಟಾರ್ಚಿಗೆ ಹೊಸ ಸೆಲ್ ತಂದಿಟ್ಟಿದ್ದೇನೆ.